ಗೊನೆ ಒಟ್ಟಿಗೇ ಹಣ್ಣಾದಾಗ: ಬೀಜದ ಬೆಣ್ಣೆ ಹಾಕಿ ಸ್ಮೂದಿ ಮಾಡುವ ಬಗೆ

ಬಾಳೆಗೊನೆಗೆ ಒಂದು ಕೆಟ್ಟ ಬುದ್ಧಿ ಇದೆ. ಹದಿನೈದು ದಿನ ಅಟ್ಟದ ತೊಲೆಗೆ ಹಸಿರಾಗಿ ನೇತಾಡುತ್ತದೆ. ದಿನಾ ಹೋಗಿ ಒತ್ತಿ ನೋಡಿದರೂ ಜಪ್ಪಯ್ಯ ಅನ್ನುವುದಿಲ್ಲ. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಇಡೀ ಗೊನೆ ಹಳದಿ. ಮೂರು ದಿನದೊಳಗೆ ನೂರು ಹಣ್ಣು ಖಾಲಿಯಾಗಬೇಕು. ಸೋಮವಾರಪೇಟೆ ಕಡೆಯ ನಮ್ಮಂಥ ಸಣ್ಣ ಕಾಫಿ ತೋಟದ ಮನೆಗಳಲ್ಲಿ ಎಲ್ಲರದ್ದೂ ಇದೇ ಪಾಡು. ಪಕ್ಕದವರಿಗೆ ಕೊಡೋಣ ಎಂದರೆ ಅವರ ಅಟ್ಟದಲ್ಲೂ ಒಂದು ಗೊನೆ ಹಳದಿಯಾಗಿರುತ್ತದೆ.

ನಮ್ಮನೆಯಲ್ಲಿ ಸ್ಮೂದಿ, ಅಂದರೆ ಹಣ್ಣನ್ನು ಹಾಲು ಮೊಸರಿನ ಜೊತೆ ದಪ್ಪಗೆ ರುಬ್ಬಿ ಕುಡಿಯುವುದು, ಶುರುವಾಗಿದ್ದು ಇಂಥ ಒಂದು ವಾರದಲ್ಲಿ. ಮೈಸೂರಿನಲ್ಲಿ ಓದುವ ಮಗಳು ರಜೆಗೆ ಬಂದಿದ್ದಳು. "ಅಮ್ಮ, ಇದಕ್ಕೆ ಪೀನಟ್ ಬಟರ್ ಹಾಕಿ ರುಬ್ಬಿದ್ರೆ ಅಲ್ಲಿ ಒಂದು ಲೋಟಕ್ಕೆ ಎಷ್ಟು ತಗೋತಾರೆ ಗೊತ್ತಾ?" ಎಂದಳು. ರುಬ್ಬಿದೆವು. ಅತ್ತೆ ಒಂದು ಗುಟುಕು ಕುಡಿದು, "ಇದೇನೇ, ತಂಬಿಟ್ಟನ್ನ ನೀರು ಮಾಡಿದ ಹಾಗಿದೆಯಲ್ಲ" ಎಂದರು. ಯೋಚಿಸಿದರೆ ಅದು ಸರಿಯೇ. ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ತಂಬಿಟ್ಟಿನಲ್ಲಿ, ಕೊಡವರ ಮನೆಗಳಲ್ಲಿ ಅದು ತಂಬುಟ್ಟು, ಇರುವುದೇನು? ಹುರಿದ ಅಕ್ಕಿಯ ಹಿಟ್ಟು, ಚೆನ್ನಾಗಿ ಮಾಗಿದ ಬಾಳೆಹಣ್ಣು, ಏಲಕ್ಕಿ. ಬಡಿಸುವಾಗ ಮೇಲೆ ತುಪ್ಪ, ಹುರಿದ ಎಳ್ಳು, ಕಾಯಿತುರಿ. ಹಣ್ಣು, ಒಂದು ಧಾನ್ಯ, ಒಂದು ಎಣ್ಣೆಬೀಜ. ಸ್ಮೂದಿಗೂ ಬೇಕಾದ್ದು ಇಷ್ಟೇ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಈಗ ಸ್ಮೂದಿ ಎಂದರೆ ಎಂಟು ಹಣ್ಣು, ಐದು ಬಗೆಯ ಬೀಜ, ಎರಡು ಪುಡಿ, ಮೇಲೆ ಅಲಂಕಾರ ಅನ್ನುವಂತಾಗಿದೆ. ನಾನು ಅದನ್ನೂ ಮಾಡಿ ನೋಡಿದ್ದೇನೆ. ಕೊನೆಗೆ ಸಿಗುವುದು ಕಂದು ಬಣ್ಣದ, ಯಾವ ರುಚಿಯೂ ಇಲ್ಲದ ಒಂದು ಗಂಜಿ. ಒಂದು ಲೋಟಕ್ಕೆ ಒಂದು ಮುಖ್ಯ ಹಣ್ಣು, ಒಂದು ಬೀಜ, ಸಾಕು. ಯಾವ ಹಣ್ಣು ಅನ್ನುವುದನ್ನು ಹಿತ್ತಲು ಹೇಳುತ್ತದೆ. ನಾವು ತಲೆ ಕೆಡಿಸಿಕೊಳ್ಳಬೇಕಾದ್ದು ಬೀಜದ ಬೆಣ್ಣೆಯ ಬಗ್ಗೆ, ಅಂದರೆ ಹುರಿದ ಬೀಜವನ್ನು ಅದರದ್ದೇ ಎಣ್ಣೆ ಬಿಡುವವರೆಗೆ ನುಣ್ಣಗೆ ರುಬ್ಬಿದ್ದು. ಮಗಳು ಹೇಳಿದ ಪೀನಟ್ ಬಟರ್ ಎಂದರೆ ಕಡಲೆಬೀಜದ ಬೆಣ್ಣೆ.

ಬೀಜದ ಬೆಣ್ಣೆ: ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ

ಅಂಗಡಿಯ ಬಾಟಲಿ ತರುವುದೇ ಆದರೆ ಹಿಂದಿನ ಚೀಟಿ ಓದಿ. ಕಡಲೆಬೀಜ, ಬೇಕಿದ್ದರೆ ಉಪ್ಪು. ಇಷ್ಟೇ ಇದ್ದರೆ ತನ್ನಿ. ಸಕ್ಕರೆ ಎರಡನೇ ಹೆಸರಾಗಿದ್ದರೆ ಅದು ಬಾಟಲಿಗೆ ತುಂಬಿದ ಚಿಕ್ಕಿ ಎಂದುಕೊಳ್ಳಿ. ಮೇಲೆ ಎಣ್ಣೆ ತೇಲುತ್ತಿದ್ದರೆ ಹಾಳಾಗಿದೆ ಅಂತ ಎಸೆಯಬೇಡಿ. ಎಣ್ಣೆ ಬೇರೆಯಾಗದಂತೆ ತಡೆಯುವ ಗಟ್ಟಿ ಕೊಬ್ಬನ್ನು ಸೇರಿಸಿಲ್ಲ ಅನ್ನುವುದಕ್ಕೆ ಅದೇ ಗುರುತು. ಕೆಳಗಿನಿಂದ ಕದಡಿ ಬಳಸಬೇಕು, ಅಷ್ಟೇ.

ಮನೆಯಲ್ಲಿ ಮಾಡಿದರೆ ಅರ್ಧ ಬೆಲೆಗೂ ಕಡಿಮೆ ಬೀಳುತ್ತದೆ, ರುಚಿಯೂ ಬೇರೆ. ಆದರೆ ಬೀಜ ಆರಿಸುವುದರಲ್ಲಿ ಹುಷಾರಾಗಿರಬೇಕು. ಕೊಡಗಿನಲ್ಲಿ ಇನ್ನೂ ಹೆಚ್ಚು. ಕಡಲೆಕಾಯಿ ನಮ್ಮಲ್ಲಿ ಬೆಳೆಯುವುದಿಲ್ಲ, ಚಳ್ಳಕೆರೆ, ಪಾವಗಡದಂಥ ಒಣ ಸೀಮೆಯ ಬೆಳೆ ಅದು. ಅಲ್ಲಿ ಗಲಗಲ ಅನ್ನುತ್ತಿದ್ದ ಬೀಜ ನಮ್ಮ ಜುಲೈ ತಿಂಗಳ ಗಾಳಿಗೆ ಬಂದರೆ ಒಂದೇ ವಾರದಲ್ಲಿ ಮೆತ್ತಗಾಗುತ್ತದೆ. ತೇವ ಹಿಡಿದ ಕಡಲೆಬೀಜಕ್ಕೆ ಬರುವ ಒಂದು ಜಾತಿಯ ಬೂಸ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಯಕೃತ್ತಿಗೆ ಕೆಟ್ಟದ್ದು. ಹುರಿದರೆ ಸರಿಹೋಗುತ್ತದೆ ಅನ್ನುವುದು ತಪ್ಪು. ಹುರಿಯುವ ಬಿಸಿಗೆ ಬೂಸ್ಟು ಸತ್ತರೂ ವಿಷ ಪೂರ್ತಿ ಹೋಗುವುದಿಲ್ಲ.

ಒಂದು ಮಳೆಗಾಲ ಸಂತೆಯಲ್ಲಿ ಒಂದು ಕಡೆ ಅಗ್ಗಕ್ಕೆ ಸಿಕ್ಕಿತು ಅಂತ ಎರಡು ಕಿಲೋ ತಂದೆ. ಮನೆಗೆ ಬಂದು ಮೊರದಲ್ಲಿ ಹರಡಿದರೆ ಅಲ್ಲಲ್ಲಿ ಮುದುಡಿದ, ಹಸಿರು ಛಾಯೆಯ ಬೀಜಗಳು. ಆರಿಸಿ ಎಸೆದು ಉಳಿದದ್ದನ್ನು ಹುರಿದು ರುಬ್ಬಿದೆ, ಜಿಪುಣತನ ನೋಡಿ. ಇಡೀ ಬಾಟಲಿ ಕಹಿ. ಕೊನೆಗೆ ಅಷ್ಟನ್ನೂ ಗುಂಡಿಗೆ ಸುರಿದೆ. ಈಗ ನನ್ನ ನಿಯಮ ಹೀಗಿದೆ: ಜೂನ್‌ಗೆ ಮುಂಚೆಯೇ ಒಳ್ಳೆಯ ಬೀಜ ತಂದು, ಬಿಸಿಲಿಗೆ ಹಾಕಿ, ಗಾಳಿಯಾಡದ ಡಬ್ಬದಲ್ಲಿ ತುಂಬಿಡುವುದು. ಮಳೆಯಲ್ಲಿ ತರಲೇಬೇಕಾದರೆ ಕಾಲು ಕಿಲೋ ಮಾತ್ರ, ಅದೂ ಬಾಯಿಗೆ ಹಾಕಿ ನೋಡಿ. ಕಹಿ ಅಥವಾ ಮುಗ್ಗಲು ವಾಸನೆ ಇದ್ದರೆ ಬೇಡವೇ ಬೇಡ.

ಕಾಲು ಕಿಲೋ ಬೀಜಕ್ಕೆ ಲೆಕ್ಕ ಹೇಳುತ್ತೇನೆ. ದಪ್ಪ ತಳದ ಬಾಣಲೆ, ಸಣ್ಣ ಉರಿ. ಹನ್ನೆರಡರಿಂದ ಹದಿನೈದು ನಿಮಿಷ ಕೈ ಬಿಡದೆ ಹುರಿಯಿರಿ. ಮೊದಲು ಚಟಪಟ ಸದ್ದು ಬರುತ್ತದೆ, ಆಮೇಲೆ ಸಿಪ್ಪೆ ಒಡೆದು ಅಲ್ಲಲ್ಲಿ ಕಂದು ಚುಕ್ಕೆ ಬೀಳುತ್ತದೆ. ಒಳಗಿನ ಬೇಳೆ ತಿಳಿ ಹೊಂಬಣ್ಣಕ್ಕೆ ತಿರುಗಿದ ಕೂಡಲೇ ಇಳಿಸಿ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಅದರ ಬಿಸಿಗೇ ಇನ್ನಷ್ಟು ಹುರಿದು ಕಹಿಯಾಗುತ್ತದೆ. ಸ್ವಲ್ಪ ಬಿಸಿ ಇರುವಾಗಲೇ ಒಣ ಬಟ್ಟೆಯಲ್ಲಿ ಸುತ್ತಿ ಉಜ್ಜಿ, ಮೊರದಲ್ಲಿ ಕೇರಿ. ಸಿಪ್ಪೆ ಅಷ್ಟೂ ಹೋಗಬೇಕೆಂದೇನಿಲ್ಲ. ನಾನು ಕಾಲುಭಾಗ ಬಿಡುತ್ತೇನೆ, ಬಣ್ಣ ಚೆನ್ನಾಗಿ ಬರುತ್ತದೆ.

ಈಗ ಮಿಕ್ಸಿ. ದೊಡ್ಡ ಜಾರ್ ಬೇಡ, ಚಟ್ನಿ ಜಾರ್ ತಗೊಳ್ಳಿ. ಒಂದು ಹನಿ ನೀರೂ ಇರಬಾರದು. ಬೀಜದ ಬೆಣ್ಣೆಗೆ ನೀರು ಬಿದ್ದರೆ ನುಣ್ಣಗಾಗುವ ಬದಲು ಗಟ್ಟಿಯಾಗಿ ಮುದ್ದೆ ಕಟ್ಟುತ್ತದೆ, ಬೇಗ ಕೆಡುತ್ತದೆ ಕೂಡ. ಅರ್ಧ ನಿಮಿಷ ತಿರುಗಿಸಿ, ನಿಲ್ಲಿಸಿ, ಅಂಚಿಗೆ ಅಂಟಿದ್ದನ್ನು ಕೆರೆದು ಕೆಳಗೆ ದೂಡಿ. ಮತ್ತೆ ಅರ್ಧ ನಿಮಿಷ. ಮೊದಲು ಪುಡಿ. ಆಮೇಲೆ ಒದ್ದೆ ಮರಳಿನ ಹಾಗೆ. ಆಮೇಲೆ ಒಂದು ಉಂಡೆ ಕಟ್ಟಿಕೊಂಡು ಬ್ಲೇಡಿನ ಸುತ್ತ ಸುಮ್ನೆ ಕೂತುಬಿಡುತ್ತದೆ. ಹೆಚ್ಚಿನವರು ಸೋಲುವುದು ಇಲ್ಲಿ. ಆಗಲಿಲ್ಲ ಅಂತ ಎಣ್ಣೆಯೋ ನೀರೋ ಸುರಿದುಬಿಡುತ್ತಾರೆ. ತಾಳ್ಮೆ ಬೇಕು. ಕಡಲೆಬೀಜದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಎಣ್ಣೆಯೇ ಇದೆ. ಇನ್ನೂ ಎರಡು ಮೂರು ಸಲ ಬಿಟ್ಟು ಬಿಟ್ಟು ತಿರುಗಿಸಿದರೆ ಆ ಎಣ್ಣೆ ಹೊರಬಂದು, ಉಂಡೆ ತಾನಾಗಿ ಸಡಿಲವಾಗಿ, ದೋಸೆ ಹಿಟ್ಟಿನ ಹಾಗೆ ಹರಿಯತೊಡಗುತ್ತದೆ. ನಡುವೆ ಮಿಕ್ಸಿಯ ಹೊಟ್ಟೆ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಐದು ನಿಮಿಷ ಬಿಡಿ, ಒಂದು ಕಾಫಿ ಕುಡಿಯಿರಿ. ಒಟ್ಟು ಹತ್ತು ಹದಿನೈದು ನಿಮಿಷದ ಕೆಲಸ. ಕೊನೆಗೆ ಒಂದು ಚಿಟಿಕೆ ಉಪ್ಪು.

ಒಣಗಿದ ಗಾಜಿನ ಬಾಟಲಿಗೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಒಂದು ತಿಂಗಳು ಬರುತ್ತದೆ. ಒದ್ದೆ ಚಮಚ ಹಾಕುವವರನ್ನು ಮಾತ್ರ ಹತ್ತಿರ ಬಿಡಬೇಡಿ.

ಗೇರುಬೀಜದ ಬೆಣ್ಣೆ ಇದಕ್ಕಿಂತ ಸುಲಭ. ಅದು ಮೆದು, ಬೇಗ ನುಣ್ಣಗಾಗುತ್ತದೆ. ಸಂಪಾಜೆ ಘಾಟಿ ಇಳಿದರೆ ಸುಳ್ಯ, ಪುತ್ತೂರು ಗೇರಿನ ಸೀಮೆ, ಅಲ್ಲಿಗೆ ಹೋದವರ ಕೈಲಿ ತುಂಡು ಗೇರುಬೀಜ ತರಿಸಿ. ರುಬ್ಬುವುದಕ್ಕೆ ಇಡೀ ಬೀಜದ ದುಡ್ಡು ಯಾಕೆ? ಬಾದಾಮಿ ಮೊಂಡು. ಸಣ್ಣ ಮಿಕ್ಸಿಗೆ ಬರೀ ಬಾದಾಮಿ ಹಾಕಿ ಮೋಟಾರ್ ಸುಟ್ಟುಕೊಂಡವರನ್ನು ನಾನು ಬಲ್ಲೆ. ಅರ್ಧ ಬಾದಾಮಿ, ಅರ್ಧ ಗೇರು ಹಾಕಿದರೆ ಗೇರಿನ ಎಣ್ಣೆಯಲ್ಲಿ ಬಾದಾಮಿಯೂ ಕರಗುತ್ತದೆ. ಎಲ್ಲಕ್ಕಿಂತ ಅಗ್ಗ, ನನಗೆ ಎಲ್ಲಕ್ಕಿಂತ ಇಷ್ಟ, ಬಿಳಿ ಎಳ್ಳು. ಸಣ್ಣ ಉರಿಯಲ್ಲಿ ನಾಲ್ಕು ನಿಮಿಷ ಹುರಿದು ಇದೇ ರೀತಿ ರುಬ್ಬಿ. ಕಪ್ಪಾಗಲು ಬಿಟ್ಟರೆ ಕಹಿ.

ಯಾವ ಹಣ್ಣು, ಯಾವ ತಿಂಗಳು

ಬಾಳೆ ವರ್ಷವಿಡೀ ಇರುತ್ತದೆ, ಆದರೆ ಎಲ್ಲ ಬಾಳೆಯೂ ಒಂದೇ ಅಲ್ಲ. ಏಲಕ್ಕಿ ಬಾಳೆಯಲ್ಲಿ ಸಿಹಿಯ ಜೊತೆ ಸಣ್ಣ ಹುಳಿ, ಪರಿಮಳ ಇದೆ. ಕಡಲೆಬೀಜಕ್ಕೆ ಇದರಷ್ಟು ಹೊಂದುವುದು ಬೇರೆ ಇಲ್ಲ. ಪಚ್ಚಬಾಳೆ ಬೆಣ್ಣೆಯ ಹಾಗೆ ರುಬ್ಬುತ್ತದೆ, ಪರಿಮಳ ಕಡಿಮೆ. ನೇಂದ್ರವನ್ನು ಬೇಯಿಸದೆ ಹಾಕಿದರೆ ಹಿಟ್ಟು ಹಿಟ್ಟು ಅನ್ನಿಸುತ್ತದೆ. ಸಿಪ್ಪೆ ಸಮೇತ ಹತ್ತು ನಿಮಿಷ ಹಬೆಯಲ್ಲಿ ಬೇಯಿಸಿ, ಆರಿಸಿ ರುಬ್ಬಿ ನೋಡಿ. ಮಳೆ ಹಿಡಿದ ಸಂಜೆಗೆ ಬೆಚ್ಚಗಿನ ನೇಂದ್ರ, ಎಳ್ಳಿನ ಬೆಣ್ಣೆ, ಚೂರು ಬೆಲ್ಲ. ಇದನ್ನು ಸ್ಮೂದಿ ಅನ್ನಬೇಕೋ ಪಾಯಸ ಅನ್ನಬೇಕೋ ನನಗೂ ಗೊತ್ತಿಲ್ಲ.

ಯಾವ ಬಾಳೆಯೇ ಆಗಲಿ, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಂದ ಮೇಲೆ ಬಳಸಿ. ಹಿಟ್ಟಿನ ಅಂಶ ಸಕ್ಕರೆಯಾಗಿ ತಿರುಗುವುದು ಆಗಲೇ. ಬೇರೆ ಸಿಹಿ ಹಾಕುವ ಅಗತ್ಯವೇ ಬೀಳುವುದಿಲ್ಲ.

ಮಳೆಗಾಲದ ರಾಜ ಬೆಣ್ಣೆಹಣ್ಣು. ಬಟರ್ ಫ್ರೂಟ್ ಅನ್ನಿ, ಅವಕಾಡೊ ಅನ್ನಿ. ಪೇಟೆಯಲ್ಲಿ ಅದಕ್ಕೀಗ ಭಾರೀ ಬೆಲೆ, ನಮ್ಮಲ್ಲಿ ಕಾಫಿ ಗಿಡದ ನಡುವೆ ತಾನೇ ಬಿದ್ದು ಅಳಿಲಿನ ಪಾಲಾಗುತ್ತಿತ್ತು. ಚೆಟ್ಟಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರದಲ್ಲಿ ಇದರ ಒಳ್ಳೆಯ ತಳಿಗಳನ್ನು ಆರಿಸಿದ್ದಾರೆ, ಅರ್ಕಾ ಸುಪ್ರೀಮ್, ಅರ್ಕಾ ಕೂರ್ಗ್ ರವಿ ಅನ್ನುವ ಹೆಸರಿನಲ್ಲಿ. ನಮ್ಮ ಮರ ಯಾವ ತಳಿಯೂ ಅಲ್ಲ, ಯಾರೋ ಬೀಜ ಎಸೆದು ಹುಟ್ಟಿದ್ದು. ಹಣ್ಣು ಮಾತ್ರ ಚೆನ್ನಾಗಿದೆ.

ಬೆಣ್ಣೆಹಣ್ಣು ಮರದಲ್ಲಿ ಹಣ್ಣಾಗುವುದಿಲ್ಲ. ಬಲಿತದ್ದನ್ನು ಕಿತ್ತು ಅಕ್ಕಿ ಡಬ್ಬದಲ್ಲಿ, ಜೊತೆಗೆ ಒಂದು ಮಾಗಿದ ಬಾಳೆಹಣ್ಣು ಇಟ್ಟು ಮುಚ್ಚಿ. ಬಾಳೆ ಬಿಡುವ ಎಥಿಲೀನ್ ಅನಿಲ ಅದನ್ನೂ ಬೇಗ ಮಾಗಿಸುತ್ತದೆ. ನಾಲ್ಕೈದು ದಿನಕ್ಕೆ ತೊಟ್ಟಿನ ಹತ್ತಿರ ಹೆಬ್ಬೆರಳಿಗೆ ಮೆತ್ತಗೆ ಸಿಕ್ಕರೆ ಸರಿ. ಗಟ್ಟಿ ಇರುವಾಗ ಫ್ರಿಜ್‌ಗೆ ಇಟ್ಟರೆ ಮಾಗುವುದು ನಿಂತುಹೋಗುತ್ತದೆ. ಇದರಲ್ಲಿ ಸ್ವತಃ ಎಣ್ಣೆ ಇದೆ, 100 ಗ್ರಾಂ ತಿರುಳಿನಲ್ಲಿ ಸುಮಾರು 15 ಗ್ರಾಂ. ಹಾಗಾಗಿ ಬೀಜದ ಬೆಣ್ಣೆ ಅರ್ಧಕ್ಕೆ ಇಳಿಸಿ. ಬೆಣ್ಣೆಹಣ್ಣಿಗೆ ಕಡಲೆಬೀಜ ಬೇಡ, ರುಚಿ ನುಂಗಿಬಿಡುತ್ತದೆ. ಗೇರು ಹಾಕಿ.

ನವೆಂಬರ್ ಬಂದರೆ ಕಿತ್ತಳೆ. ಭೌಗೋಳಿಕ ಗುರುತು ಪಡೆದ ಕೊಡಗಿನ ಕಿತ್ತಳೆ ಒಂದು ಕಾಲಕ್ಕೆ ಪ್ರತಿ ಕಾಫಿ ತೋಟದಲ್ಲೂ ಇತ್ತು. ರೋಗ ಬಂದು ಮರಗಳು ಒಣಗಿದವು. ಈಗ ಹಣ್ಣು ಕಂಡರೆ ಒಂದನ್ನೂ ಬಿಡಬೇಡಿ. ಇದರಲ್ಲಿ ಎರಡು ತಪ್ಪು ನಾನೇ ಮಾಡಿದ್ದೇನೆ. ಮೊದಲನೆಯದು, ಬೀಜ ತೆಗೆಯದೆ ರುಬ್ಬಿದ್ದು. ಕಿತ್ತಳೆ ಬೀಜ ಒಡೆದರೆ ಇಡೀ ಲೋಟ ಕಹಿ, ಜೇನು ಸುರಿದರೂ ಹೋಗುವುದಿಲ್ಲ. ತೊಳೆ ಬಿಡಿಸಿ, ಬಿಳಿ ನಾರು ತೆಗೆದು, ಬೀಜ ಕಿತ್ತು ಹಾಕಬೇಕು. ಎರಡನೆಯದು, ಹಾಲು ಹಾಕಿದ್ದು. ಹುಳಿ ತಾಗಿದ ಹಾಲು ಒಡೆದು ಮೊಸರಿನ ಚೂರಿನಂತೆ ತೇಲಿತು. ವಿಷವಲ್ಲ, ಆದರೆ ನೋಡಿದರೆ ಕುಡಿಯುವ ಮನಸ್ಸಾಗುವುದಿಲ್ಲ. ಕಿತ್ತಳೆಗೆ ಮೊಸರು ಹಾಕಿ. ಮೊಸರು ಮೊದಲೇ ಹೆಪ್ಪುಗಟ್ಟಿದ್ದು, ಹುಳಿಗೆ ಹೆದರುವುದಿಲ್ಲ.

ಬೇಲಿಯ ಪ್ಯಾಷನ್ ಫ್ರೂಟ್‌ಗೂ ಇದೇ ಮಾತು. ಸಿಪ್ಪೆ ಸುಕ್ಕಾದದ್ದೇ ಸಿಹಿ, ನುಣುಪಾಗಿದ್ದರೆ ಇನ್ನೆರಡು ದಿನ ಇಡಿ. ತಿರುಳನ್ನು ಜರಡಿಯಲ್ಲಿ ಉಜ್ಜಿ ಬೀಜ ತೆಗೆಯಿರಿ. ಹುಳಿ ಜೋರಾದ್ದರಿಂದ ಇದನ್ನು ಒಂಟಿಯಾಗಿ ಬಿಡದೆ ಬಾಳೆಯ ಜೊತೆ ಸೇರಿಸಿ, ಹಾಲಿನ ಬದಲು ತೆಂಗಿನ ಹಾಲು ಹಾಕಿ.

ಅನಾನಸ್ ಮತ್ತು ಪಪ್ಪಾಯಿ ನೋಡಲು ಸಾಧು, ಹಾಲಿನ ಜೊತೆ ಮಾತ್ರ ಜಗಳ. ಅವುಗಳಲ್ಲಿ ಪ್ರೋಟೀನ್ ಒಡೆಯುವ ಕಿಣ್ವಗಳಿವೆ. ಹಾಲಿಗೆ ಹಾಕಿ ಅರ್ಧ ಗಂಟೆ ಬಿಟ್ಟರೆ ಕಹಿಯಾಗುತ್ತದೆ. ರುಬ್ಬಿದ ಕೂಡಲೇ ಕುಡಿಯಿರಿ, ಇಲ್ಲವೇ ಅನಾನಸ್ ಚೂರುಗಳನ್ನು ಐದು ನಿಮಿಷ ಬೇಯಿಸಿ ಆರಿಸಿ ಹಾಕಿ. ಸಪೋಟಕ್ಕೆ ಯಾವ ತಕರಾರೂ ಇಲ್ಲ. ಹಲಸಿನಲ್ಲಿ ಗಟ್ಟಿ ತೊಳೆಯ ಬಕ್ಕೆ ಮಾತ್ರ ಬಳಸಿ, ನಾರಿನ ಮೆತ್ತಗಿನ ಹಲಸು ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಸೀಬೆ ಹಾಕಿದರೆ ಸೋಸಬೇಕು. ಸೋಸುವ ಕೆಲಸ ಇದ್ದರೆ ನಾನು ಮಾಡುವುದಿಲ್ಲ.

ಈಗ ಮಾಡೋಣ

ಎರಡು ಲೋಟಕ್ಕೆ ಬೇಕಾದ್ದು: ಏಲಕ್ಕಿ ಬಾಳೆ ಮೂರು, ಕಡಲೆಬೀಜದ ಬೆಣ್ಣೆ ಒಂದೂವರೆ ದೊಡ್ಡ ಚಮಚ, ಕಾಯಿಸಿ ಆರಿಸಿದ ಹಾಲು 200 ಮಿಲಿ, ಗಟ್ಟಿ ಅವಲಕ್ಕಿ ಎರಡು ದೊಡ್ಡ ಚಮಚ, ಒಂದು ಏಲಕ್ಕಿ, ಒಂದು ಚಿಟಿಕೆ ಉಪ್ಪು.

1. ಅವಲಕ್ಕಿ ತೊಳೆದು, ಅದು ಮುಳುಗುವಷ್ಟು ಹಾಲಿನಲ್ಲಿ ಹತ್ತು ನಿಮಿಷ ನೆನೆಸಿ. ಪೇಟೆಯವರು ಓಟ್ಸ್ ಹಾಕುತ್ತಾರೆ, ಆಗಬಹುದು. ರಾಗಿ ಹುರಿಹಿಟ್ಟಾದರೆ ಒಂದು ಚಮಚ ಸಾಕು, ನೆನೆಸುವ ಕೆಲಸವೂ ಇಲ್ಲ. ದಪ್ಪ ಬರಲಿ, ಹೊಟ್ಟೆ ಮಧ್ಯಾಹ್ನದವರೆಗೆ ತಡೆಯಲಿ ಅಂತ ಇದು.

2. ಏಲಕ್ಕಿ ಕಾಳನ್ನು ಮೊದಲು ಒಣ ಜಾರ್‌ನಲ್ಲಿ ಒಂದು ಸುತ್ತು ತಿರುಗಿಸಿ. ಕೊನೆಗೆ ಹಾಕಿದರೆ ಅರ್ಧಂಬರ್ಧ ಉಳಿದು ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ.

3. ಬಾಳೆ, ನೆಂದ ಅವಲಕ್ಕಿ, ಬೀಜದ ಬೆಣ್ಣೆ, ಉಪ್ಪು ಹಾಕಿ, ಎರಡೇ ಎರಡು ಚಮಚ ಹಾಲು ಸೇರಿಸಿ ಮುದ್ದೆಯಾಗಿ ರುಬ್ಬಿ. ಈ ಹಂತ ಬಿಡಬೇಡಿ. ಎಲ್ಲ ಹಾಲನ್ನೂ ಒಮ್ಮೆಲೇ ಸುರಿದರೆ ಬೀಜದ ಬೆಣ್ಣೆ ಬ್ಲೇಡಿಗೆ ಸಿಗದೆ ಜಾರ್‌ನ ಗೋಡೆಗೆ ಅಂಟಿ ಕೂರುತ್ತದೆ, ಲೋಟದಲ್ಲಿ ಗಂಟು ಗಂಟು ಬರುತ್ತದೆ.

4. ನುಣ್ಣಗಾದ ಮೇಲೆ ಉಳಿದ ಹಾಲು ಹಾಕಿ ಹತ್ತು ಸೆಕೆಂಡು ತಿರುಗಿಸಿ. ಹೆಚ್ಚು ತಿರುಗಿಸಿದರೆ ಅರ್ಧ ಲೋಟ ಬರೀ ನೊರೆ. ಬಿಸಿ ಹಾಲು ಹಾಕಿ ಮುಚ್ಚಳ ಬಿಗಿದು ಮಿಕ್ಸಿ ಹಾಕಬೇಡಿ. ಆವಿಯ ಒತ್ತಡಕ್ಕೆ ಮುಚ್ಚಳ ಹಾರಿ ನನ್ನ ಅಡುಗೆಮನೆಯ ಸೂರಿಗೆ ಬಾಳೆಹಣ್ಣು ಮೆತ್ತಿತ್ತು.

5. ರುಚಿ ನೋಡಿ. ಸಿಹಿ ಸಾಲದಿದ್ದರೆ ಸಕ್ಕರೆಗೆ ಕೈ ಹಾಕುವ ಮುಂಚೆ ಇನ್ನೊಂದು ಚಿಟಿಕೆ ಉಪ್ಪು ಹಾಕಿ ನೋಡಿ. ಬಹಳ ಸಲ ಅಷ್ಟರಲ್ಲೇ ಸರಿಯಾಗುತ್ತದೆ. ಆಗದಿದ್ದರೆ ಒಂದು ಖರ್ಜೂರ, ಇಲ್ಲವೇ ಅರ್ಧ ಚಮಚ ಜೇನು. ಶುದ್ಧ ಕೊಡಗಿನ ಜೇನು ಸುಲಭಕ್ಕೆ ಸಿಗುವುದಿಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ತುಡುವೆ ಜೇನಿನ ಪೆಟ್ಟಿಗೆಗಳೆಲ್ಲ ಖಾಲಿಯಾದ ಕತೆಯನ್ನು ಹಿರಿಯರು ಇನ್ನೂ ಹೇಳುತ್ತಾರೆ. ಇದ್ದರೆ ಹಾಕಿ, ಇಲ್ಲದಿದ್ದರೆ ಬೆಲ್ಲವೇ ಸಾಕು.

6. ಕೂಡಲೇ ಕುಡಿಯಿರಿ. ಬಾಳೆ, ಬೆಣ್ಣೆಹಣ್ಣು ಎರಡೂ ಗಾಳಿ ತಾಗಿದರೆ ಕಪ್ಪಾಗುತ್ತವೆ. ಅರ್ಧ ಗಂಟೆ ಇಡಬೇಕಾದರೆ ಲೋಟ ತುಂಬ ತುಂಬಿಸಿ ಮುಚ್ಚಿಡಿ.

ಐಸ್ ಬಗ್ಗೆ ಕೇಳುತ್ತೀರಿ. ಕುಶಾಲನಗರದ ಏಪ್ರಿಲ್ ಬಿಸಿಲಿಗೆ ಐಸ್ ಬೇಕು, ಒಪ್ಪುತ್ತೇನೆ. ಆಗಲೂ ಐಸ್ ಹಾಕಿ ನೀರು ಮಾಡುವ ಬದಲು ಬಾಳೆಯನ್ನೇ ಬಿಲ್ಲೆ ಬಿಲ್ಲೆ ಕತ್ತರಿಸಿ ಫ್ರೀಜರ್‌ನಲ್ಲಿಟ್ಟು ಬಳಸಿ. ದಪ್ಪವೂ ಬರುತ್ತದೆ, ತಂಪೂ ಆಗುತ್ತದೆ, ಒಟ್ಟಿಗೇ ಹಣ್ಣಾದ ಗೊನೆಗೂ ಒಂದು ದಾರಿ. ಮಡಿಕೇರಿಯ ಮಂಜಿನಲ್ಲಿ ಡಿಸೆಂಬರ್ ಬೆಳಿಗ್ಗೆ ತಣ್ಣಗಿನ ಸ್ಮೂದಿ ಕುಡಿಯುವ ಶಿಕ್ಷೆ ಯಾರಿಗೂ ಬೇಡ. ಉಗುರು ಬೆಚ್ಚಗಿನ ಹಾಲು ಹಾಕಿ.

ಬೀಜದ ಬೆಣ್ಣೆ ಮಾಡಿದ ದಿನ ಜಾರ್ ತೊಳೆಯಬೇಡಿ. ಎಷ್ಟು ಕೆರೆದರೂ ಒಂದೂವರೆ ಚಮಚ ಒಳಗೆ ಅಂಟಿಯೇ ಇರುತ್ತದೆ. ಅದರ ಮೇಲೇ ಬಾಳೆ, ಹಾಲು ಹಾಕಿ ತಿರುಗಿಸಿ. ಆ ದಿನದ ಸ್ಮೂದಿಯೂ ಆಯಿತು, ಜಾರ್ ತೊಳೆಯುವ ಕಷ್ಟವೂ ಅರ್ಧ ಕಡಿಮೆಯಾಯಿತು.

ಕರೆಂಟ್ ಇಲ್ಲದಿದ್ದರೆ? ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಮಿಕ್ಸಿ ಮರೆತುಬಿಡಬೇಕು, ಅಲ್ವಾ? ಆಗ ಕಡಗೋಲು ಕೆಲಸಕ್ಕೆ ಬರುತ್ತದೆ. ಕಪ್ಪು ಚುಕ್ಕೆ ಬಂದ ಬಾಳೆಯನ್ನು ಪಾತ್ರೆಯಲ್ಲಿ ಕೈಯಿಂದಲೇ ಕಿವುಚಿ. ಬೀಜದ ಬೆಣ್ಣೆಯನ್ನು ಎರಡು ಚಮಚ ಬಿಸಿ ಹಾಲಿನಲ್ಲಿ ಬೇರೆಯಾಗಿ ಕದಡಿ ಸಡಿಲ ಮಾಡಿಕೊಳ್ಳಿ. ಎರಡನ್ನೂ ಸೇರಿಸಿ ಕಡಗೋಲಿನಿಂದ ಕಡೆಯಿರಿ. ಸ್ವಲ್ಪ ತರಿತರಿ ಇರುತ್ತದೆ. ಅತ್ತೆಗೆ ಇದೇ ಇಷ್ಟ.

ನಾಲ್ಕು ಜೋಡಿ

ಅಳತೆ ಮೇಲಿನದ್ದೇ, ಹಣ್ಣು ಬೀಜ ಮಾತ್ರ ಬದಲು. ಅರ್ಧ ಬೆಣ್ಣೆಹಣ್ಣು, ಮುಕ್ಕಾಲು ಚಮಚ ಗೇರಿನ ಬೆಣ್ಣೆ, ಹಾಲು, ಜೇನು, ಏಲಕ್ಕಿ. ಇದಕ್ಕೆ ಅವಲಕ್ಕಿ ಬೇಡ. ನಾಲ್ಕು ಕಿತ್ತಳೆಯ ತೊಳೆ, ಒಂದು ಬಾಳೆ, ಬಾದಾಮಿ ಗೇರಿನ ಬೆಣ್ಣೆ, ಹುಳಿಯಿಲ್ಲದ ಗಟ್ಟಿ ಮೊಸರು. ಸಪೋಟ ಮೂರು, ಎಳ್ಳಿನ ಬೆಣ್ಣೆ, ಹಾಲು, ಬೇರೆ ಸಿಹಿ ಏನೂ ಬೇಡ.

ನಾಲ್ಕನೆಯದು ಕಾಫಿ ಸೀಮೆಯವರಿಗೆ. ಮೂಲ ಬಾಳೆ, ಕಡಲೆಬೀಜದ ಸ್ಮೂದಿಗೆ ಏಲಕ್ಕಿ ಬಿಟ್ಟು, ಆರಿದ ಗಟ್ಟಿ ಡಿಕಾಕ್ಷನ್ ಎರಡು ದೊಡ್ಡ ಚಮಚ ಮತ್ತು ಒಂದು ಚೂರು ಬೆಲ್ಲ. ಕಡಲೆಬೀಜ ಹುರಿದ ಘಮ, ಕಾಫಿ ಹುರಿದ ಘಮ ಒಂದಕ್ಕೊಂದು ಅಣ್ಣ ತಮ್ಮನ ಹಾಗೆ ಹೊಂದುತ್ತವೆ. ಬೆಳಿಗ್ಗೆ ಆರಕ್ಕೆ ತೋಟಕ್ಕೆ ಇಳಿಯುವವರಿಗೆ ತಿಂಡಿ ಆಗುವವರೆಗೆ ಇದು ಆಧಾರ. ಮಕ್ಕಳಿಗೆ ಮಾತ್ರ ಬೇಡ.

ಆರೋಗ್ಯದ ಲೆಕ್ಕ

ಮೇಲೆ ಹೇಳಿದ ಬಾಳೆ ಸ್ಮೂದಿಯ ಒಂದು ಲೋಟದಲ್ಲಿ ಸುಮಾರು 220 ಕ್ಯಾಲರಿ, 7 ಗ್ರಾಂ ಪ್ರೋಟೀನ್ ಇರುತ್ತದೆ. ಸೋಸದೆ ಕುಡಿಯುವುದರಿಂದ ಹಣ್ಣಿನ ನಾರೂ ಹೊಟ್ಟೆಗೆ ಹೋಗುತ್ತದೆ, ಜ್ಯೂಸ್‌ಗಿಂತ ಇದು ಮೇಲಾಗುವುದು ಅದರಿಂದಲೇ. ಆದರೆ ಇದು ತಿಂಡಿಯ ಬದಲಿಗೆ, ತಿಂಡಿಯ ಜೊತೆಗಲ್ಲ. ನಾಲ್ಕು ಅಕ್ಕಿರೊಟ್ಟಿ ತಿಂದು ಮೇಲೆ ಒಂದು ಲೋಟ ಸ್ಮೂದಿ ಕುಡಿದರೆ ಅದು ಎರಡು ತಿಂಡಿ.

ಎಡವಟ್ಟಾಗುವುದು ಬೀಜದ ಬೆಣ್ಣೆಯ ಚಮಚದಲ್ಲಿ. ಒಂದು ದೊಡ್ಡ ಚಮಚದಲ್ಲಿ ಹತ್ತಿರ ಹತ್ತಿರ 95 ಕ್ಯಾಲರಿ. ನಮ್ಮ ಕೈ ತುಪ್ಪ ಬಡಿಸಿ ಅಭ್ಯಾಸವಾದ ಕೈ. ಚಮಚದ ಮೇಲೆ ಗೋಪುರ ಕಟ್ಟುತ್ತದೆ. ಚಾಕುವಿನಿಂದ ಸಮ ಮಾಡಿ ಹಾಕಿ.

ಸಕ್ಕರೆ ಕಾಯಿಲೆ ಇರುವವರು ಬಾಳೆ ಅರ್ಧಕ್ಕಿಳಿಸಿ ಮೊಸರು ಹೆಚ್ಚಿಸಬಹುದು. ಬೆಣ್ಣೆಹಣ್ಣಿನದ್ದು ಅವರಿಗೆ ಹೆಚ್ಚು ಹೊಂದುತ್ತದೆ, ಆದರೆ ಎಷ್ಟು ಅನ್ನುವುದನ್ನು ತಮ್ಮ ವೈದ್ಯರನ್ನೇ ಕೇಳಲಿ. ಮೂತ್ರಪಿಂಡದ ತೊಂದರೆ ಇರುವವರೂ ಕೇಳಿಯೇ ಕುಡಿಯಬೇಕು. ಬಾಳೆ, ಬೆಣ್ಣೆಹಣ್ಣು, ಬೀಜ ಎಲ್ಲದರಲ್ಲೂ ಪೊಟ್ಯಾಸಿಯಂ ಜಾಸ್ತಿ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ಪುಟ್ಟ ಮಕ್ಕಳಿಗೆ ಗಟ್ಟಿ ಬೀಜದ ಬೆಣ್ಣೆಯನ್ನು ಚಮಚದಲ್ಲಿ ಹಾಗೇ ಕೊಡಬೇಡಿ, ಗಂಟಲಲ್ಲಿ ಅಂಟಿಕೊಳ್ಳುತ್ತದೆ. ಕಡಲೆಬೀಜ ಕೆಲವರ ಮೈಗೆ ಒಗ್ಗುವುದಿಲ್ಲ. ಮಗುವಿಗೆ ಮೊದಲ ಸಲ ಕೊಡುವಾಗ ತೀರಾ ಸ್ವಲ್ಪ ಕೊಟ್ಟು ನೋಡಿ. ತುಟಿ ಊದುವುದು, ಮೈಮೇಲೆ ದದ್ದು, ಉಸಿರಾಟಕ್ಕೆ ಕಷ್ಟ ಕಂಡರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಓಡಿ. ನೆಂಟರಿಗೆ ಕೊಡುವಾಗಲೂ ಒಳಗೆ ಯಾವ ಬೀಜ ಇದೆ ಅಂತ ಹೇಳಿಯೇ ಕೊಡಿ.

ಉಳಿದರೆ

ಸ್ಮೂದಿ ಉಳಿಸಿ ಸಂಜೆಗೆ ಕುಡಿಯುವುದು ನನಗೆ ಸರಿಹೋಗುವುದಿಲ್ಲ. ಬಣ್ಣ ಕೆಟ್ಟಿರುತ್ತದೆ, ನೀರು ಬೇರೆ, ತಿರುಳು ಬೇರೆ. ಬಾಳೆಯದ್ದಾದರೆ ಚೆಲ್ಲಬೇಡಿ. ಫ್ರಿಜ್‌ನಲ್ಲಿಟ್ಟು, ಅದೇ ಸಂಜೆ ಅದು ಹಿಡಿಯುವಷ್ಟು ಗೋಧಿಹಿಟ್ಟು, ಒಂದು ಚಮಚ ಅಕ್ಕಿಹಿಟ್ಟು, ಚೂರು ಬೆಲ್ಲ ಕಲಸಿ. ಇಡ್ಲಿ ಹಿಟ್ಟಿನ ಹದ. ಕಾವಲಿಗೆ ತುಪ್ಪ ಸವರಿ, ಅಂಗೈ ಅಗಲದ ದೋಸೆ ಹಾಕಿ, ಉರಿ ಸಣ್ಣಗಿಟ್ಟು ಮುಚ್ಚಿ ಬೇಯಿಸಿ. ಹಣ್ಣಿನ ಸಕ್ಕರೆ ಬೇಗ ಹೊತ್ತುತ್ತದೆ, ಹಾಗಾಗಿ ಹತ್ತಿರವೇ ನಿಂತಿರಿ. ನಮ್ಮನೆಯಲ್ಲಿ ಈಗ ಈ ದೋಸೆಗೋಸ್ಕರವೇ ಒಂದು ಲೋಟ ಹೆಚ್ಚಿಗೆ ರುಬ್ಬುತ್ತೇವೆ.